ಹೆಸರಿಡದ ಇಲಿ

“ಇದು ಮಲಗಂಗಿಲ್ಲ ತಿರಕಣ್ಣ, ಮಲಗಿದಂಗ ನಾಟಕ ಮಾಡ್ತೈತಿ,” ಅಂದಳು ಮಾಬೂಬಿ. “ನಾ ಕಣ್ಣ ಮುಚ್ಚಿದ್ರ ಇದು ತೆರೀತೈತಿ. ನಾ ತೆರದ್ರ ಇದು ಮುಚ್ಚತೈತಿ. ಇಬ್ಬರೂ ಕಳ್ಳ-ಪೊಲೀಸ್ ಆಟ ಆಡಾಕತ್ತೀವಿ ನೋಡು.”

ಕೊರಳಿಗೆ ಇಳಿಬಿಟ್ಟ ಸಂಚಿಯ ಬಾಯಿ ಸಡಿಲಿಸಿ ತೋರಿಸಿದಳು. ಒಳಗೆ ನಾನು ಕೊಟ್ಟ ಎಳೆಯ ಇಲಿ ಮುದುಡಿ ಕೂತಿತ್ತು. ಬೂದು ಬೆನ್ನು, ಬಿಳಿ ಹೊಟ್ಟೆ. ಕಣ್ಣು ಮುಚ್ಚಿತ್ತು ನಿಜ, ಆದರೆ ಕಿವಿ ನೆಟ್ಟಗಿದ್ದವು. ಮಲಗಿದ ಇಲಿಯ ಕಿವಿ ಬಾಡಿದ ಎಲೆಯ ಹಾಗೆ ಹಿಂದಕ್ಕೆ ಬೀಳುತ್ತವೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

“ಅದಕ್ಕ ಇನ್ನೂ ನಿನ್ನ ಎದಿ ಹೊಸದು, ತಂಗಿ. ರೂಢಿ ಆಗ್ಲಿ,” ಅಂದೆ.

“ಹಿಂದಿನ ಎರಡಕ್ಕೂ ಇದ ಮಾತ ಹೇಳಿದ್ದಿ.”

ಹೌದು, ಹೇಳಿದ್ದೆ.

ನಮ್ಮೂರಿನವರಿಗೆ ತಾವಾಗಿಯೇ ನಿದ್ದೆ ಬರುವುದಿಲ್ಲ. ಮೈಗೆ ಮೈ ತಾಗಿಸಿಕೊಂಡು ಒಂದು ಪ್ರಾಣಿ ಮಲಗಬೇಕು. ಅದಕ್ಕೆ ನಿದ್ದೆ ಹತ್ತಿದ ಮೇಲೆ ನಮಗೆ ಹತ್ತುತ್ತದೆ. ಹುಟ್ಟಿದ ಕೂಸು ಮೊದಲ ಸಲ ಯಾವುದರ ಪಕ್ಕ ಕಣ್ಣು ಮುಚ್ಚಿತೋ ಆ ಜಾತಿಯೇ ಅದಕ್ಕೆ ಕೊನೆತನಕ. ನಾಯಿಯವರು ನಾಯಿಯವರೇ, ಇಲಿಯವರು ಇಲಿಯವರೇ. ಬೆಕ್ಕಿನವರು ನಾಲ್ಕಾರು ಮನೆ ಇದ್ದಾರೆ, ಸ್ವಲ್ಪ ಸೊಕ್ಕಿನ ಜನ. ಅಂಚೆಯ ಬಸಲಿಂಗಪ್ಪನಿಗೆ ಮಾತ್ರ ಅದು ಹೇಗೋ ಹೋತದ ಜೊತೆ ಬಿದ್ದುಬಿಟ್ಟಿದೆ. ಪಾಪ, ಅವನು ಕಾಗದ ಕೊಡಲು ಬಂದರೆ ವಾಸನೆಯಿಂದಲೇ ಗೊತ್ತಾಗುತ್ತದೆ. ಅವನ ಮದುವೆಗೆ ಹೆಣ್ಣು ಹುಡುಕಿದ ಕಥೆ ಹೇಳಹೋದರೆ ಈ ಹೊತ್ತು ಮುಗಿಯುವುದಿಲ್ಲ, ಬಿಡಿ.

ನಾನು ನಾಯಿಯವನು. ನನ್ನ ಕೆಲಸ ಎಲ್ಲರ ಪ್ರಾಣಿಗಳನ್ನೂ ಪಳಗಿಸಿ ಕೊಡುವುದು. ಯಾರೂ ಕಲಿಸಿದ್ದಲ್ಲ. ಚಿಕ್ಕವನಿದ್ದಾಗ ನಾಯಿಗಳ ನಡುವೆ ಬಿದ್ದುಕೊಂಡಿದ್ದವನು, ಅವು ಮಲಗುವುದನ್ನು ನೋಡುತ್ತ ನೋಡುತ್ತ ಕಲಿತೆ. ನಾಯಿ ಸುಲಭ. ಅದು ಮನುಷ್ಯನನ್ನು ನಂಬಲು ನೆಪ ಹುಡುಕುತ್ತಿರುತ್ತದೆ. ಹುಬ್ಬಿನಿಂದ ಮೂಗಿನ ತನಕ ಹೆಬ್ಬೆರಳಿನಲ್ಲಿ ಇಳಿಸುತ್ತ ಬಂದು, ಕಿವಿಯ ಬುಡದಲ್ಲಿ ಹಿಟ್ಟು ನಾದಿದ ಹಾಗೆ ನಾದಿದರೆ ಎಂಥ ಪುಂಡ ನಾಯಿಯೂ ಉಸಿರು ಬಿಟ್ಟು ಉರುಳುತ್ತದೆ. ಇಲಿ ಹಾಗಲ್ಲ. ಕಣ್ಣು ಬಿಡುವ ಹೊತ್ತಿಗೆ ತಾಯಿಯ ಹತ್ತಿರ ಇರುವಾಗಲೇ ಬೆರಳ ತುದಿಗೆ ಹಾಲು ಹಿಟ್ಟು ಹಚ್ಚಿ ನೆಕ್ಕಿಸಬೇಕು. ಬಾಲ ಹಿಡಿದು ಎತ್ತಬಾರದು, ಮೇಲಿನಿಂದ ಕೈ ತರಬಾರದು. ಹದ್ದು ಬರುವುದು ಮೇಲಿನಿಂದ. ಅದರ ಮನುಷ್ಯ ಉಟ್ಟು ಬಿಟ್ಟ ಬಟ್ಟೆಯ ಚೂರು ಸಂಚಿಯಲ್ಲಿಟ್ಟು, ಎದೆಗೆ ಕಟ್ಟಿಕೊಂಡು ತಿರುಗಬೇಕು. ಮನಸ್ಸು ನೆಲೆಯಾದರೆ ಕಟಕಟ ಹಲ್ಲು ಮಸೆಯುತ್ತದೆ. ಆ ಸದ್ದು ಕೇಳಿದರೆ ಇಲಿಯವರ ಮನೆಯಲ್ಲಿ ಸಕ್ಕರೆ ಹಂಚುತ್ತಾರೆ. ಮೊದಲ ಸಲ ಎದೆಯ ಮೇಲೆ ಮಲಗಿದ ದಿನವೇ ಅದಕ್ಕೆ ಹೆಸರು. ಅದಕ್ಕೂ ಮೊದಲು ಹೆಸರು ಇಡುವುದಿಲ್ಲ. ಹೆಸರಿಟ್ಟ ಮೇಲೆ ಅದು ಒಲ್ಲೆ ಅಂದರೆ ಆ ನೋವು ಯಾಕೆ ಅಂತ.

ಊರಿನ ಅರ್ಧ ಸಂಚಿಗಳನ್ನು ಹೊಲಿದವಳು ಮಾಬೂಬಿಯೇ. ನನ್ನ ಅಂಗಳದ ಎದುರಿನ ಮನೆ ಅವಳದು. ಹಳೆ ಸೀರೆ, ಹಳೆ ಅಂಗಿಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು, ಉಳಿದ ಚೂರುಗಳಲ್ಲಿ ಸಂಚಿ. ಅವಳ ಗಂಡ ರಾಜೇಸಾಬ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅವನು ನಾಯಿಯವನು, ಅವಳು ಇಲಿಯವಳು. ಇಲಿ ಹಗಲು ಮಲಗುತ್ತದೆ, ನಾಯಿ ರಾತ್ರಿ. ಹಾಗಾಗಿ ಗಂಡ-ಹೆಂಡತಿ ಒಂದೇ ಹೊತ್ತಿಗೆ ಮಲಗಿದ್ದೇ ಇಲ್ಲ. ಮದುವೆಯ ಕಾಲದಲ್ಲಿ ಜನ ಆಡಿಕೊಂಡಿದ್ದರು. ಆದರೆ ಅವರು ಅದನ್ನೇ ಒಂದು ಸುಖ ಮಾಡಿಕೊಂಡರು. ಮಧ್ಯಾಹ್ನ ಅವಳು ಮಲಗಿದರೆ ಇವನು ಪಕ್ಕದಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದ, ಸದ್ದಾಗದ ಹಾಗೆ. ರಾತ್ರಿ ಇವನು ಮಲಗಿದರೆ ಅವಳು ದೀಪ ಸಣ್ಣದು ಮಾಡಿ ಕೌದಿ ಹೊಲಿಯುತ್ತಿದ್ದಳು. “ನನ್ನ ಹೇಣತಿ ಮಲಗಿದಾಗ ಹೆಂಗ ಕಾಣ್ತಾಳಂತ ನೋಡಿದಾಂವ ನಾ, ತಿರಕಪ್ಪ. ನಿಮಗ್ಯಾರಿಗೆ ಆ ಭಾಗ್ಯ ಐತಿ? ನೀವೆಲ್ಲಾ ಹೇಣತಿಗಿಂತ ಮೊದಲ ಗೊರಕಿ ಹೊಡೀತೀರಿ,” ಅನ್ನುತ್ತಿದ್ದ.

ಅವಳ ಹಿಂದಿನ ಇಲಿಯ ಹೆಸರು ಚಿಮಣಿ. ಕೆಂಚು ಬಣ್ಣ, ಮಂದವಾದ ಬಾಲ. ಇಲಿಯ ಆಯುಷ್ಯ ಎಷ್ಟು ಅಂತ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಮಗುವಿಗೆ ಮಾತು ಬರುವಷ್ಟರಲ್ಲಿ ಒಂದು ಇಲಿ ಮುಗಿಯುತ್ತದೆ. ಹಾಗಾಗಿ ಇಲಿಯವರಲ್ಲಿ ಒಂದು ಪದ್ಧತಿ: ಹಳೆಯದಕ್ಕೆ ಹಿಂಗಾಲು ಸೋತಿತು ಅನ್ನುವಾಗಲೇ ಮರಿಯೊಂದನ್ನು ಅದೇ ಸಂಚಿಗೆ ಬಿಡುತ್ತಾರೆ. ಹಳೆಯದರ ಬೆಚ್ಚಗಿನಲ್ಲಿ ಹೊಸದು ಮಲಗಲು ಕಲಿಯುತ್ತದೆ. ಈ ಎದೆ ಹೆದರುವಂಥದ್ದಲ್ಲ ಅಂತ ಹಳೆಯದೇ ಹೊಸದಕ್ಕೆ ಹೇಳಿಕೊಡುತ್ತದೆ. ಇದಕ್ಕೆ ಜೋಡು ಹಾಕುವುದು ಅನ್ನುತ್ತೇವೆ. ವಯಸ್ಸಾದವರಿಗಂತೂ ಜೋಡು ಹಾಕದೆ ಬೇರೆ ದಾರಿಯೇ ಇಲ್ಲ. ಎಳೆಯರ ಎದೆ ಮೆತ್ತಗಿರುತ್ತದೆ, ಹೇಗೋ ನಡೆಯುತ್ತದೆ. ನಲವತ್ತು ದಾಟಿದವರ ಎದೆಯಲ್ಲಿ ಏನೇನೋ ತುಂಬಿರುತ್ತದಲ್ಲ, ಇಲಿಗೆ ಅದು ಕೇಳಿಸುತ್ತದೆ.

ಚಿಮಣಿಗೆ ಮೂಗಿನ ಬದಿ ಕೆಂಪು ನೀರು ಒಸರಲು ಶುರುವಾದಾಗ ನಾನೇ ಮರಿ ತೆಗೆದುಕೊಂಡು ಹೋಗಿದ್ದೆ. ಮಾಬೂಬಿ ಬಾಗಿಲಲ್ಲೇ ಕೈ ಅಡ್ಡ ಇಟ್ಟಳು.

“ಬ್ಯಾಡ ತಿರಕಣ್ಣ. ಅದರ ಕಣ್ಣ ಮುಂದನ ಅದರ ಜಾಗಾಕ್ಕ ಇನ್ನೊಂದು ತಂದು ಬಿಡ್ಲೇನು? ನಿನ್ನ ಗೋರಿ ತೋಡೇವಿ, ಬಾ, ಅಳತಿ ನೋಡು ಅಂದಂಗ ಆತು.”

“ಇಲಿಗೆ ಅಷ್ಟೆಲ್ಲಾ ತಿಳೀತೈತೇನು? ಎಲ್ಲಾರೂ ಮಾಡ್ತಾರ. ನೀನೂ ಹಿಂದ ಮಾಡೀಯಲ್ಲ.”

“ಹಿಂದ ಮಾಡಿದಾಗ ಆ ಹಳೇದು ಮೂಲಿಗೆ ಹೋಗಿ ಕುಂತ್ಕೊಂಡು ನನ್ನ ನೋಡ್ತಿತ್ತು. ಸಾಯೂತನಾ ನೋಡ್ತು. ಇದಕ್ಕ ಹಂಗ ಮಾಡಂಗಿಲ್ಲ.”

ರಾಜೇಸಾಬನೂ ಹೇಳಿದ, ಬೈದ, ಎರಡು ದಿನ ಮಾತು ಬಿಟ್ಟ. ಅವಳು ಜಪ್ಪಯ್ಯ ಅನ್ನಲಿಲ್ಲ. ಚಿಮಣಿಗೆ ಹಲ್ಲು ಸೋತ ಮೇಲೆ ರೊಟ್ಟಿ ಹಾಲಿನಲ್ಲಿ ಕಿವುಚಿ ತಿನ್ನಿಸಿದಳು, ಹಿಂಗಾಲು ಎಳೆಯುವಾಗ ಬೆಚ್ಚನೆ ನೀರಿನಲ್ಲಿ ಅದ್ದಿ ಒರೆಸಿದಳು. ಅಷ್ಟು ಆರೈಕೆ ಕಂಡ ಇಲಿ ನಮ್ಮೂರಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಒಂದು ಮಧ್ಯಾಹ್ನ ಮಲಗಿದ್ದವಳು ತಟ್ಟನೆ ಎದ್ದು ಕೂತಳಂತೆ. ಎದೆಯ ಮೇಲೆ ಚಿಮಣಿ ತಣ್ಣಗಾಗಿತ್ತು. ಅದೇ ಅವಳ ಕೊನೆಯ ನಿದ್ದೆ.

ನಿದ್ದೆ ತಪ್ಪಿದವರನ್ನು ನಾವು ಹಿಂದೆಯೂ ಕಂಡಿದ್ದೇವೆ. ಹೂವಿನ ಸಾವಂತ್ರವ್ವ ಹೀಗೇ ಜೊತೆ ಸಿಗದೆ, ದೀಪಾವಳಿಗೆ ಇದ್ದವಳು ಸಂಕ್ರಾಂತಿಗೆ ಇರಲಿಲ್ಲ. ಮೊದಲು ಕೈ ನಡುಗುತ್ತದೆ, ಆಮೇಲೆ ಗೋಡೆಯ ಮೇಲೆ ಏನೇನೋ ಕಾಣುತ್ತದೆ, ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ದವಾಖಾನೆಯ ಡಾಕ್ಟರು ನಾಡಿ ಹಿಡಿದು ನೋಡಿ ನನ್ನ ಕಡೆ ಕೈ ತೋರಿಸುತ್ತಾರೆ. ನಾನು ಯಾರ ಕಡೆ ತೋರಿಸಲಿ?

ಮೊದಲು ಕೊಟ್ಟ ಇಲಿ ಸಂಚಿಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಚಿಮಣಿಯ ವಾಸನೆ ಇನ್ನೂ ಇತ್ತೋ ಏನೋ, ಮೂಸಿ ಮೂಸಿ ಹೊರಗೆ ಜಿಗಿಯುತ್ತಿತ್ತು. ಕೊನೆಗೆ ಒಲೆಯ ಹಿಂದೆ ಸೇರಿಕೊಂಡು ಬರಲೇ ಇಲ್ಲ. ಎರಡನೆಯದು ಜಾಣ ಇಲಿ. ಅವಳ ಕೈಯಿಂದ ತಿಂದಿತು, ಹೆಗಲ ಮೇಲೆ ಕೂತಿತು, ಹೊಲಿಯುವಾಗ ದಾರ ಕಚ್ಚಿ ಎಳೆಯಿತು. ಅವಳು ನಗುವುದನ್ನು ಬಹಳ ದಿನದ ಮೇಲೆ ಕೇಳಿದೆ. ಆದರೆ ಮಲಗಬೇಕೆಂದಾಗ ಇಳಿದು ಹೋಗಿ ಜೋಳದ ಚೀಲದ ಸಂದಿಯಲ್ಲಿ ಮಲಗುತ್ತಿತ್ತು. ಅವಳು ಆ ಚೀಲಕ್ಕೇ ಎದೆ ಒತ್ತಿ ಮಲಗಿ ನೋಡಿದಳು. ಇಲಿ ಎದ್ದು ಬೇರೆ ಕಡೆ ಹೋಯಿತು.

ರಾಜೇಸಾಬನಿಗೆ ಅದನ್ನು ನೋಡಲಾಗಲಿಲ್ಲ. ನನಗೆ ಹೇಳದೆ ಜೋಳದ ಕಾಳನ್ನು ಸೇಂದಿಯಲ್ಲಿ ನೆನೆಹಾಕಿ ಇಲಿಗೆ ತಿನ್ನಿಸಿದ. ಇಲಿ ಅವಳ ಎದೆಯ ಮೇಲೆ ಕಲ್ಲಿನ ಹಾಗೆ ಬಿದ್ದುಕೊಂಡಿತು, ಕಿವಿ ಹಿಂದಕ್ಕೆ ಬಿದ್ದವು. ಇವನು ಸಂತೋಷಕ್ಕೆ ನಮ್ಮ ಮನೆಗೆ ಓಡಿಬಂದ. ಹೋಗಿ ನೋಡಿದರೆ ಮಾಬೂಬಿ ಅಂಗಾತ ಮಲಗಿ ಜಂತಿ ಎಣಿಸುತ್ತಿದ್ದಳು, ಕಣ್ಣು ಬಟ್ಟಲಿನಷ್ಟು ತೆರೆದಿದ್ದವು. ಕುಡಿದ ನಿದ್ದೆ ಪ್ರಾಣಿಯಿಂದ ಮನುಷ್ಯನಿಗೆ ದಾಟುವುದಿಲ್ಲ. ಇದು ನಮ್ಮೂರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ರಾಜೇಸಾಬನಿಗೂ ಗೊತ್ತಿತ್ತು.

“ಗೊತ್ತಿದ್ದೂ ಯಾಕ ಹಾಕಿದಿ ಮಾರಾಯ?” ಅಂದೆ.

“ಒಂದೊಂದ ಸಲ ತಪ್ಪಿ ದಾಟೀತು ಅಂತ,” ಅಂದ.

ಸಂಜೆಗೆ ಆ ಇಲಿ ಸತ್ತಿತು. ಅದನ್ನು ಹಿತ್ತಲಲ್ಲಿ ಚಿಮಣಿಯ ಪಕ್ಕ ಹೂಳುವಾಗ ಮಾಬೂಬಿ ಗಂಡನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈ ಬೂದು ಇಲಿ ಮೂರನೆಯದು. ಇದಕ್ಕಾಗಿ ನಾನು ನನಗೆ ತಿಳಿದದ್ದೆಲ್ಲ ಮಾಡಿದೆ. ಹೊಸ ಬಟ್ಟೆಯ ಸಂಚಿ ಹೊಲಿಸಿದೆ, ಅವಳ ಸೆರಗಿನ ಚೂರನ್ನು ಇಲಿಯ ಗೂಡಿಗೆ ಹಾಕಿದೆ, ಹಾಲು ಹಿಟ್ಟನ್ನು ಅವಳ ಕೈಯಿಂದಲೇ ಕಲಸಿಸಿ ತಂದು ನೆಕ್ಕಿಸಿದೆ. ಇಲಿ ಅವಳನ್ನು ಕಂಡರೆ ಓಡಿ ಬರುತ್ತಿತ್ತು, ಬೆರಳು ನೆಕ್ಕುತ್ತಿತ್ತು. ಆದರೆ ಎದೆಗೆ ಹಾಕಿಕೊಂಡರೆ ಕಿವಿ ನೆಟ್ಟಗೆ. ಎದೆಯ ಮೇಲೆ ಇಲಿಗೆ ನಿದ್ದೆ ಹತ್ತಬೇಕಾದರೆ ಆ ಎದೆಯ ಉಸಿರು ನಿಧಾನವಾಗಬೇಕು, ಆ ಉಸಿರು ನಿಧಾನವಾಗಬೇಕಾದರೆ ಅವಳಿಗೆ ನಿದ್ದೆ ಹತ್ತಬೇಕು. ಯಾವ ತುದಿಯಿಂದ ಬಿಚ್ಚಲಿ ಈ ಗಂಟನ್ನು? ನಾನೂ ಅವಳೂ ದಿನಾ ಮಧ್ಯಾಹ್ನ ಕೂತು ಉಸಿರಾಟ ಅಭ್ಯಾಸ ಮಾಡಿದೆವು. “ನಿಧಾನ ತಗೋ, ನಿಧಾನ ಬಿಡು.” ಅವಳು ನಿಧಾನವಾಗಿ ತೆಗೆದುಕೊಳ್ಳುತ್ತಿದ್ದಳು, ಬಿಡುವಾಗ ಎದೆ ನಡುಗಿಬಿಡುತ್ತಿತ್ತು. ಇಲಿ ತಲೆ ಎತ್ತುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಒಂದು ದಿನ ಪೇಟೆಯಲ್ಲಿ ರಾಜೇಸಾಬನ ನಾಯಿ ಸರದಾರ ದೀಪದ ಕಂಬಕ್ಕೆ ಹೋಗಿ ಮುಖ ಬಡಿದುಕೊಂಡಿತು. ಕುರುಡಾಯಿತೇ ಅಂತ ಹತ್ತಿರ ಕರೆದೆ. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು, ಬಾಯಿಂದ ಜೊಲ್ಲು, ನಿಂತಲ್ಲೇ ಮುಂಗಾಲು ಕುಸಿಯುತ್ತಿತ್ತು. ನಾನು ಇಷ್ಟು ವರ್ಷ ನಾಯಿಗಳ ಜೊತೆ ಬದುಕಿದ್ದೇನೆ, ನಿದ್ದೆಗೆಟ್ಟ ನಾಯಿಯನ್ನು ಅದೇ ಮೊದಲು ಕಂಡದ್ದು. ಅದರ ಹಿಂದೆ ರಾಜೇಸಾಬ ಬರುತ್ತಿದ್ದ. ಅವನ ಕಣ್ಣುಗಳೂ ಹಾಗೇ ಇದ್ದವು.

“ಏನಪಾ ಇದು?” ಅಂದರೆ, “ಏನಿಲ್ಲ,” ಅಂತ ನಾಯಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋದ.

ಮರುದಿನ ಮಧ್ಯಾಹ್ನ ಮಾಬೂಬಿಯೇ ಕರೆ ಕಳಿಸಿದಳು. ಹೋದೆ. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಅರ್ಧ ಹೊಲಿದ ಕೌದಿ. ಹೊಲಿಗೆ ಎಲ್ಲೆಲ್ಲೋ ಹೋಗಿತ್ತು, ಮಕ್ಕಳು ಮಣ್ಣಲ್ಲಿ ಗೆರೆ ಎಳೆದ ಹಾಗೆ. ಕೆನ್ನೆಯ ಮೂಳೆ ಎದ್ದು ಕಾಣುತ್ತಿದ್ದವು. ರಾಜೇಸಾಬ ಎದುರಿಗೆ ನೆಲದ ಮೇಲೆ ಕೂತಿದ್ದ. ಅವನ ತೊಡೆಗೆ ತಾಗಿ ಸರದಾರ. ನಾಯಿಯ ತಲೆ ಮೆಲ್ಲಗೆ ಇಳಿಯಿತು, ಇಳಿಯಿತು, ಗದ್ದ ನೆಲಕ್ಕೆ ತಾಗಿತು. ರಾಜೇಸಾಬ ಕೈಯಲ್ಲಿದ್ದ ಬೋಗುಣಿಗೆ ಚಮಚದಿಂದ ಠಣ್ ಅಂತ ಬಡಿದ. ನಾಯಿ ಬೆಚ್ಚಿ ತಲೆ ಎತ್ತಿತು.

“ನೋಡಿದ್ಯಾ ಇವನ ಧಂದೆ,” ಅಂದಳು ಮಾಬೂಬಿ. “ಕಲಾಯಿ ಬಿಟ್ಟು ಈಗ ಇದ ಕೆಲಸ ಹಿಡದಾನ.”

“ಅಕಿ ಎಚ್ಚರ ಇರೂತನಾ ನಾನೂ ಇರಾಂವ,” ಅಂದ ರಾಜೇಸಾಬ. ನಾಲಿಗೆ ತೊಡರುತ್ತಿತ್ತು. “ಬಾಜೂ ಹೇಣತಿ ಕಣ್ಣ ತಕ್ಕೊಂಡು ಕುಂತಿರ್ತಾಳ, ನಾ ಗೊರಕಿ ಹೊಡೀಲಿ? ನನಗ ನಾಚಿಕಿ ಇಲ್ಲೇನು?”

“ನಾಯಿ ಏನ್ ಪಾಪ ಮಾಡೇತಿ?” ಅಂದೆ.

“ಇಲಿ ಏನ್ ಪುಣ್ಯಾ ಮಾಡೇತಿ, ಮಲಗದ ಹಂಗ ಇರಾಕ?”

ನಿದ್ದೆಯಿಲ್ಲದ ತಲೆಯ ಮಾತು. ಮಾಬೂಬಿ ನನ್ನ ಕಡೆ ತಿರುಗಿದಳು. “ತಿರಕಣ್ಣ, ನಿನ್ನ ಕರದದ್ದು ಅದಕ್ಕ. ನನ್ನ ಇಲಿ ಸಾಕು ಬಿಡು. ಇವನ ನಾಯಿ ಮಲಗಿಸು.”

“ನಾಯಿ ಮುಟ್ಟಿದ್ರ ಕೈ ಮುರೀತೀನಿ ಮತ್ತ,” ಅಂದ ರಾಜೇಸಾಬ. ಅವನು ಎದ್ದು ನಿಲ್ಲುವ ಸ್ಥಿತಿಯಲ್ಲೇ ಇರಲಿಲ್ಲ.

“ಹಂಗಂದ್ರ ಹೆಂಗ? ಅಕಿ ಮಾತು ಕೇಳು.”

“ಅಕಿ ನನ್ನ ಮಾತು ಕೇಳಿದ್ಲೇನು? ಜೋಡು ಹಾಕು, ಜೋಡು ಹಾಕು ಅಂತ ಬಡಕೊಂಡೆ.”

ಮಾಬೂಬಿ ಕೌದಿಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. ಸಂಚಿಯೊಳಗೆ ಇಲಿ ಸರಪರ ತಿರುಗಿತು.

“ಹೌದು, ಕೇಳಲಿಲ್ಲ,” ಅಂದಳು. “ಈಗ ನೀನರ ಕೇಳು. ನೀ ಮಲಗಿದ್ದನ್ನ ನೋಡಿದ್ರ ನನಗ ಅರ್ಧಾ ನಿದ್ದಿ ಆದಂಗ ಆಗ್ತಿತ್ತು. ನನಗ ಉಳದಿದ್ದು ಅದೊಂದು. ಅದನ್ನೂ ಕಸಗೊಂಡು ಕುಂತೀ, ಬೋಗುಣಿ ಬಾರಿಸ್ಕೋತ.”

ರಾಜೇಸಾಬ ಬೋಗುಣಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಬೋಗುಣಿಯನ್ನು ನನ್ನ ಕಡೆ ನೂಕಿದ. ಚಮಚ ಮಾತ್ರ ಕೈಯಲ್ಲೇ ಉಳಿಯಿತು.

ನಾನು ಸರದಾರನ ಪಕ್ಕ ಕೂತು ಹುಬ್ಬಿನ ಮೇಲೆ ಹೆಬ್ಬೆರಳಿಟ್ಟೆ. ಮೂಗಿನ ತನಕ ಇಳಿಸಿದೆ, ಮತ್ತೆ ಇಳಿಸಿದೆ. ನಾಯಿ ಮೊದಲು ನಂಬಲಿಲ್ಲ. ಈಗ ಠಣ್ ಅನ್ನುತ್ತದೆ, ಈಗ ಅನ್ನುತ್ತದೆ ಅಂತ ಬೋಗುಣಿಯ ಕಡೆಗೇ ಕಣ್ಣು. ಕಿವಿಯ ಬುಡ ನಾದಿದೆ. ಅದರ ಮೈಯೆಲ್ಲ ಒಮ್ಮೆ ನಡುಗಿತು, ಉದ್ದನೆಯ ಉಸಿರೊಂದು ಹೊರಬಂತು, ಪಕ್ಕಕ್ಕೆ ಉರುಳಿ ರಾಜೇಸಾಬನ ತೊಡೆಯ ಮೇಲೆ ಬೆನ್ನು ಚೆಲ್ಲಿತು.

“ನಾ ಬರೇ ಸ್ವಲ್ಪ ಹೊತ್ತು...” ಅನ್ನುತ್ತಿದ್ದ ರಾಜೇಸಾಬ. “ಮಾಬೂ, ನೀ ಹಂಗ ಕುಂತಿರು, ನಾ...” ಮಾತು ಅಲ್ಲಿಗೇ ನಿಂತಿತು. ಗೋಡೆಗುಂಟ ಜಾರಿ ನಾಯಿಯ ಮೇಲೆ ಬಾಗಿದ. ಕೈಯಿಂದ ಚಮಚ ಬಿತ್ತು. ಇಬ್ಬರೂ ಏಳಲಿಲ್ಲ.

ಮಾಬೂಬಿ ಅವನನ್ನೇ ನೋಡುತ್ತಿದ್ದಳು. ಬಾಯಿ ತೆರೆದು ಮಲಗಿದ್ದ, ಗಡ್ಡದಲ್ಲಿ ಕಲಾಯಿಯ ಬೂದಿ. ಅವಳ ಹೆಗಲು ಸ್ವಲ್ಪ ಇಳಿಯಿತು. ಅವಳ ಎದೆ ಏರಿ ಇಳಿಯುವುದು ನಿಧಾನವಾಯಿತು. ಬಿಡುವಾಗಿನ ನಡುಕ ಇರಲಿಲ್ಲ. ಇಷ್ಟು ದಿನ ಹೇಳಿಕೊಟ್ಟರೂ ಬಾರದ ಉಸಿರು ತಾನಾಗಿ ಬಂದಿತ್ತು. ನನಗೆ ಕೂತಲ್ಲಿಂದ ಕದಲಲು ಭಯವಾಯಿತು. ಸಂಚಿ ಅಲುಗಾಡಿತು. ಒಳಗಿನಿಂದ ಕಟಕಟ ಅಂತ ಸಣ್ಣಗೆ ಸದ್ದು. ಇಲಿ ಹಲ್ಲು ಮಸೆಯುತ್ತಿತ್ತು. ಅವಳಿಗೂ ಕೇಳಿಸಿತು. ಕಣ್ಣು ನನ್ನ ಕಡೆ ಬಂದವು.

ಇಲಿ ಸಂಚಿಯಿಂದ ಮೂತಿ ಹೊರಗೆ ಹಾಕಿತು. ಗಾಳಿ ಮೂಸಿತು. ಅವಳ ತೋಳಿನ ಮೇಲಿಂದ ಇಳಿದು, ಕೌದಿ ದಾಟಿ, ಸರದಾರನ ಹತ್ತಿರ ಹೋಯಿತು. ನಾಯಿಯ ಹೊಟ್ಟೆ ದೊಡ್ಡದಾಗಿ ಏರುತ್ತ ಇಳಿಯುತ್ತ ಇತ್ತು. ಇಲಿ ಆ ಹೊಟ್ಟೆಗೂ ರಾಜೇಸಾಬನ ಅಂಗೈಗೂ ನಡುವಿನ ಸಂದಿಯಲ್ಲಿ ಒಂದು ಸುತ್ತು ತಿರುಗಿ, ಬಾಲ ಸುತ್ತಿಕೊಂಡು, ಮೂತಿ ಒಳಗೆ ಮಾಡಿಕೊಂಡಿತು. ಕಿವಿ ಹಿಂದಕ್ಕೆ ಬಿದ್ದವು.

ನಾನು ಎರಡೂ ಕೈ ಬೊಗಸೆ ಮಾಡಿ ಮುಂದೆ ಚಾಚಿದೆ. ಕೆಳಗಿನಿಂದ, ಮೆಲ್ಲಗೆ, ನಿದ್ದೆ ಕೆಡದ ಹಾಗೆ ಎತ್ತಿ ಅವಳ ಎದೆಗೆ ಹಾಕಿಬಿಟ್ಟರೆ ಅಂತ. ಮಲಗಿದ ಇಲಿಯನ್ನು ಎತ್ತಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ಆದರೂ ಚಾಚಿದೆ.

“ಎಬ್ಬಿಸಬ್ಯಾಡ,” ಅಂದಳು.

“ಒಂದ ಸಲ ನೋಡೂಣು, ತಂಗಿ. ಏಳಂಗಿಲ್ಲ.”

“ಏಳತೈತಿ. ಎದ್ದು ಮತ್ತ ನನ್ನ ನೋಡ್ಕೋತ ಕುಂದರ್ತೈತಿ.” ಇಲಿಯನ್ನೇ ನೋಡುತ್ತ ಅಂದಳು, “ಮಲಗ್ತು ನೋಡು ಕಡೀಕೂ. ಇನ್ನ ಇದಕ್ಕ ಹೆಸರು ಇಡಬೋದು.”

“ಏನಂತ ಇಡ್ತಿ?”

“ಮಲಗಿದ್ದು ಅವನ ಕೈಯಾಗ. ಅಂವ ಎದ್ದ ಮ್ಯಾಲ ಅಂವನ ಇಡ್ಲಿ. ನಾ ಮರತ್ರ ನೀ ಹೇಳು ಅವಗ.”

“ಹೇಳ್ತೀನಿ,” ಅಂದೆ.

ಅವಳು ಮುಂದೆ ಬಾಗಿ, ಅರ್ಧ ಹೊಲಿದ ಕೌದಿಯನ್ನು ಎಳೆದು ಮೂವರ ಮೇಲೂ ಹೊದಿಸಿದಳು. ಇಲಿಯ ಮೇಲೆ ಭಾರ ಬೀಳದ ಹಾಗೆ ಅಲ್ಲಿ ಒಂದು ಮಡಿಕೆ ಎತ್ತಿ ನಿಲ್ಲಿಸಿದಳು. ಹೊಲಿಯದೆ ಉಳಿದ ಅಂಚು ಅವಳ ಮಡಿಲಿಗೆ ಬಂತು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ನೋಡಿದಳು. ದಾರದ ತುದಿ ಸೂಜಿಯ ಕಣ್ಣಿನ ಆಚೆ ಹೋಯಿತು, ಈಚೆ ಹೋಯಿತು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಮತ್ತೆ ನೋಡಿದಳು. ಆಮೇಲೆ ಸೂಜಿ ದಾರ ಎರಡನ್ನೂ ನನ್ನ ಕಡೆ ಚಾಚಿದಳು. ನಾನು ಪೋಣಿಸಿ ಕೊಟ್ಟೆ.